ತೊಳೆದಿಟ್ಟ ಕಲ್ಲುಗಳು

ಲಚ್ಯಾಣದ ಕಲ್ಲು ಕಟ್ಟುವ ಗೌಂಡಿ ಚಂದಪ್ಪನ ಬಾಯಿಂದ ಮಾತು ತೆಗೆಯಬೇಕಾದರೆ ಹಾರೆ ಹಚ್ಚಬೇಕು ಎಂದು ಊರವರು ನಗುತ್ತಿದ್ದರು. ಅವನಿಗೆ ಮಾತಿನ ಗರಜೂ ಇರಲಿಲ್ಲ. ಹೆಂಡತಿ ಶೇವಂತೆವ್ವ ಕೆಳಗೆ ನಿಂತು ಸುಣ್ಣದ ಗಚ್ಚು ಕಲಸುತ್ತಿದ್ದಳು. ಅವನು ಕೈ ಚಾಚಿದರೆ ಸಾಕು, ಗಚ್ಚಿನ ಬುಟ್ಟಿ ಬೇಕೋ, ಕಲ್ಲಿನ ಚೂರು ಬೇಕೋ ಅವಳಿಗೆ ತಿಳಿಯುತ್ತಿತ್ತು.

ಇಂಡಿ ಪಟ್ಟಣದ ಅಂಚಿನ ಹಳೆಯ ಕಲ್ಲಿನ ಚರ್ಚಿನಲ್ಲಿ ಕೆಲಸ ಸಿಕ್ಕಿತು. ಬಾಗಿಲ ಮೇಲಿನ ಕಮಾನಿನೊಳಗೆ ಅರಳಿ ಬೇರು ಇಳಿದಿತ್ತು. ಕಮಾನು ಬಿಚ್ಚಿ, ಬೇರು ಕಿತ್ತು, ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಬೇಕು. ಹಿಂದಿನವರು ಒಂದಕ್ಕೊಂದು ಉಜ್ಜಿ ಹೊಂದಿಸಿದ ಕಲ್ಲುಗಳು ಅವು. ಚಂದಪ್ಪನಿಗೆ ಅಂಕಿ ಬರೆಯಲು ಬಾರದು. ಇಳಿಸಿದ ಕಲ್ಲುಗಳ ಮೇಲೆ ಇದ್ದಿಲಿನಿಂದ ತನ್ನವೇ ಗುರುತು ಹಾಕಿದ: ಕುಡಗೋಲು, ಎತ್ತಿನ ಕೋಡು, ಹಲ್ಲಿ.

"ಬಣ್ಣದಾಗ ಬರೀರಲ್ಲ," ಎಂದರು ಪಾಸ್ಟರ್.

"ಕಲ್ಲಿಗೆ ಕಲೆ ಬೀಳ್ತೈತ್ರಿ."

ಆಗ ಶೇವಂತೆವ್ವ ಮಗಳ ಬಾಣಂತನಕ್ಕೆ ಸಿಂದಗಿಗೆ ಹೋಗಿದ್ದಳು. ತಿರುಗಿ ಬಂದ ಮರುದಿನ ಅಮಾವಾಸ್ಯೆ. ಅಂದು ಗೌಂಡಿಗಳು ಕೆಲಸ ಮಾಡುವುದಿಲ್ಲ. ಚಂದಪ್ಪ ಆಳುಗಳ ಜೊತೆ ಊರಿನ ಮಠಕ್ಕೆ ಹೋದ. ಅವಳು ಚರ್ಚಿನಲ್ಲೇ ಉಳಿದು, ಹತ್ಯಾರಗಳ ಪೂಜೆಗೆಂದು ಕರಣಿ, ಸುತ್ತಿಗೆ ತೊಳೆದಳು. ಅಂಗಳದ ಕಲ್ಲುಗಳ ಮೇಲೆ ಯಾರೋ ಹುಡುಗರು ಗೀಚಿದಂತೆ ಕಂಡಿತು. ಯಾರ ದೇವರಾದರೇನು, ದೇವರ ಮನೆಯ ಕಲ್ಲು. ನೀರು ಹೊತ್ತು ತಂದು, ತೆಂಗಿನ ನಾರಿನಿಂದ ತಿಕ್ಕಿ, ಉರುಳಿಸಿ ಬಿಸಿಲಿಗೆ ಇಟ್ಟಳು. ಕುಂಕುಮ ಮಾತ್ರ ಹಚ್ಚಲಿಲ್ಲ. ಅದು ಚರ್ಚಿನವರಲ್ಲಿ ನಡೆಯದೆಂದು ಗೊತ್ತಿತ್ತು.

ಸಂಜೆ ಚಂದಪ್ಪ, ಆಳುಗಳು ತಿರುಗಿ ಬಂದರು.

"ನೋಡ್ರಿ, ಹ್ಯಾಂಗ ಬೆಳ್ಳಗ ಮಾಡೇನಿ," ಎಂದಳು.

ಅವನು ಒಂದೊಂದೇ ಕಲ್ಲು ಮಗುಚಿ ನೋಡಿದ. ಆಮೇಲೆ ಆಳುಗಳ ಮುಂದೆಯೇ ಅಂದ: "ಆ ಕೈ ಮುರದ ಬೀಳ್ಲಿ. ಇನ್ನ ಮ್ಯಾಲೆ ನನ್ನ ಕಲ್ಲು ಮುಟ್ಟಬ್ಯಾಡ."

"ಗುರುತಂತ ನನಗ ಹೇಳಿದ್ರೇನು?"

ಅವನು ಬಗ್ಗಿ ಇನ್ನೊಂದು ಕಲ್ಲು ಮಗುಚಿದ.

ಕಲ್ಲುಗಳ ಜಾಗ ತಿಳಿಯಲೆಂದು ಪಾಸ್ಟರ್ ಮೊಬೈಲಿನಲ್ಲಿ ಹಳೆಯ ಫೋಟೊ ತೋರಿಸಿದರು. ಅದರಲ್ಲಿ ಕಮಾನಿಗೆ ದಪ್ಪವಾಗಿ ಸುಣ್ಣ ಬಳಿದಿತ್ತು, ಒಂದು ಕಲ್ಲೂ ಬೇರೆಯಾಗಿ ಕಾಣಲಿಲ್ಲ. ಎಷ್ಟು ಸಲ ಕೂರಿಸಿದರೂ ಕಲ್ಲು ಹೊಂದಲಿಲ್ಲ. ಕೊನೆಗೆ ಚಂದಪ್ಪ ಉಳಿಯಿಂದ ಮೂಲೆ ಸವರಿ, ಸಂದಿಗೆ ಗಚ್ಚು ತುಂಬಿ ಮುಗಿಸಿದ. ಕಮಾನು ಗಟ್ಟಿಯಾಗಿಯೇ ನಿಂತಿತು. ಪಾಸ್ಟರ್ ಶಾಲು ಹೊದಿಸಿದರು. ಚಂದಪ್ಪ ತಲೆ ಎತ್ತಲಿಲ್ಲ. ಮೇಲೆ ಬೆರಳು ದಪ್ಪದ ಬಿಳಿ ಸಂದಿಗಳಿದ್ದವು.

ಶೇವಂತೆವ್ವ ನಿಂಬೆ ತೋಟಕ್ಕೆ ಕೂಲಿ ಹೋಗತೊಡಗಿದಳು. ಮುಂದಿನ ಕೆಲಸದಲ್ಲಿ ಗಚ್ಚು ಕಲಸಲು ಮಾಳಿಂಗಪ್ಪ ಎಂಬ ನಡುವಯಸ್ಸಿನವನು ಬಂದ. ಚಂದಪ್ಪ ಎಂದಿನಂತೆ ಕೈ ಚಾಚಿದ.

"ಬಾಯಿ ಬಿಟ್ಟು ಹೇಳೋ ಮಾರಾಯ. ನಾ ಏನ್ ನಿನ್ನ ಹೇಣ್ತಿ ಏನು, ಕೈ ನೋಡಿ ತಿಳ್ಕೊಳ್ಳಾಕ?"

ಆಳುಗಳು ನಕ್ಕರು. ಚಂದಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಅಂದು ಸಂಜೆ ಅವಳು ಒಲೆಯ ಮುಂದೆ ಕುಳಿತು ಅಂಗೈಗೆ ಚುಚ್ಚಿದ ನಿಂಬೆ ಮುಳ್ಳು ತೆಗೆಯುತ್ತಿದ್ದಳು.

"ನಾಳಿ ಕೆಲಸಕ್ಕ ಬಾ."

"ಕಲ್ಲು ಮುಟ್ಟಬ್ಯಾಡ ಅಂದೀರಿ."

"ಅಂದಿದ್ನಿ."

ಅವನು ಅವಳ ಪಕ್ಕ ಕುಳಿತ. ಒಲೆಯಿಂದ ಆರಿದ ಇದ್ದಿಲು ತೆಗೆದು ನೆಲದ ಮೇಲೆ ಕುಡಗೋಲು ಬರೆದ, ಕೋಡು ಬರೆದ, ಹಲ್ಲಿ ಬರೆದ. ಯಾವುದು ಕಮಾನಿನ ಯಾವ ಕಡೆಯದೆಂದು ಒಂದೊಂದಾಗಿ ಹೇಳಿದ. ಅವನು ಅಷ್ಟು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಈಗ ಹೇಳ್ತೀರಿ," ಎಂದಳು.

ಬೆಳಿಗ್ಗೆ ಇದ್ದಿಲಿನ ಗುರುತಿದ್ದ ನೆಲ ಸಾರಿಸಿ, ಬುಟ್ಟಿ ಹೊತ್ತು ನಿಂಬೆ ತೋಟಕ್ಕೆ ಹೋದಳು.