ಟೀಚರ್ ಅಡ್ಡ ಹಿಡಿದ ಕೊಡೆ

ಮಳೆಗಾಲ ಬಂತೆಂದು ಕೊಡೆ ಬಿಚ್ಚಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಇಂಗ್ಲಿಷ್ ಟೀಚರ್ ಕರಿ ಕೊಡೆಗೂ ಇದೇ ವಾಸನೆ... ಅವರು ತೀರಿಕೊಂಡರೆಂದು ಬೆಳಿಗ್ಗೆ ಗೆಳತಿ ಫೋನ್ ಮಾಡಿದ್ದಳು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ.

ಟೀಚರ್ ಘಟ್ಟದ ಮೇಲಿನವರು. ಕಡಲತಡಿಯ ತ್ರಾಸಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಸಂಜೆ ನನ್ನನ್ನು ಕೂರಿಸಿಕೊಂಡು ಓದಿಸುತ್ತಿದ್ದರು. ಆ ಹೊತ್ತಿಗಾಗಿ ನಾನು ದಿನವಿಡೀ ಚಡಪಡಿಸುತ್ತಿದ್ದೆ. ಒಮ್ಮೆ ಪಾಠದಲ್ಲಿ ‘ರೂಡ್’ ಎಂಬ ಪದ ಬಂತು. ಅರ್ಥ ಕೇಳಿದೆ.

“ಯಾರಾದರೂ ಪ್ರೀತಿಯಿಂದ ಮಾತಾಡಿಸಿದಾಗ ಉತ್ತರ ಕೊಡದೆ ಮುಖ ತಿರುಗಿಸ್ತಾರಲ್ಲ, ಅದು ರೂಡ್,” ಎಂದರು.

ಮರುದಿನವೇ ಗ್ರಹಚಾರ ಕೆಟ್ಟಿತು. ಬಲೆ ಹೊತ್ತು ದೋಣಿಗೆ ಹೊರಟ ಅಪ್ಪಯ್ಯನನ್ನು ಟೀಚರ್, “ನಮಸ್ಕಾರ, ಎಲ್ಲಿಗೆ ಹೊರಟ್ರಿ?” ಎಂದು ಕೇಳಿಬಿಟ್ಟರು. ಅಪ್ಪಯ್ಯ ತುಟಿ ಪಿಟಕ್ಕೆನ್ನದೆ ಮನೆಗೆ ವಾಪಸ್ ಬಂದು, ಬಲೆ ಇಳಿಸಿ, ನೀರು ಕುಡಿದು ಮತ್ತೆ ಹೊರಟರು. ಹೊರಡುವಾಗ ನನಗೆ, “ಇನ್ ಆ ಮನಿಗ್ ಹೋಪ್ದ್ ಬ್ಯಾಡ,” ಎಂದರು. ಅತ್ತ ಟೀಚರ್ ಮುಖ ಸಪ್ಪಗಾಗಿತ್ತು. “ನಿಮ್ಮಪ್ಪ ಇಷ್ಟು ರೂಡಾ?” ಎಂದರು. ನನ್ನ ಓದು ಅಲ್ಲಿಗೆ ಮುಗಿಯಿತೆಂದು ಬಿಕ್ಕಿ ಬಿಕ್ಕಿ ಅತ್ತೆ.

ಅಮ್ಮನೇ ಬೇಲಿ ದಾಟಿ ಹೋಗಿ ಹೇಳಿದಳು: “ಕಡಲಿಗ್ ಹೋಪೋರ್ ಹತ್ರ ಎಲ್ಲಿಗ್ ಅಂದ್ ಕೇಂಬುಕಾಗ ಟೀಚರ್ರೇ. ಮಾತಾಡ್ದೆ ಇಪ್ಪುದೇ ಮರ್ಯಾದಿ.”

ಮರುದಿನ ಬೆಳಿಗ್ಗೆ ಅಪ್ಪಯ್ಯ ಬಲೆ ಹೊತ್ತು ಬಂದದ್ದೇ ತಡ, ಟೀಚರ್ ಕೊಡೆ ಅಡ್ಡ ಹಿಡಿದು, ತೆಂಗಿನ ಮರದ ಕಡೆ ತಿರುಗಿ ನಿಂತರು. ಮಳೆಯೂ ಇಲ್ಲ, ಬಿಸಿಲೂ ಇಲ್ಲ! ನನಗೆ ನಗು ತಡೆಯಲಾಗಲಿಲ್ಲ. ಸಂಜೆ ಅಪ್ಪಯ್ಯ, “ಟೀಚರ್ ಹುಷಾರ್ ಇದ್ರ್ ಮಾರಾಯ್ತಿ. ಹೋಯಿ ಓದ್ಕೊ,” ಎಂದರು. ಆಮೇಲೆ ದಿನವೂ ಹಾಗೇ... ಒಬ್ಬರು ಹೋಗುವರು, ಇನ್ನೊಬ್ಬರು ಮುಖ ತಿರುಗಿಸುವರು.

ಟೀಚರ್ ವರ್ಗವಾಗಿ ಹೊರಟ ಬೆಳಿಗ್ಗೆಯೂ ಅಷ್ಟೇ. ಸೂಟ್‌ಕೇಸ್ ಹಿಡಿದು ಬಸ್ಸಿಗೆ ಹೊರಟವರು ಅಪ್ಪಯ್ಯನ ಹೆಗಲ ಮೇಲಿನ ಬಲೆ ಕಂಡು ಕೊಡೆ ಅಡ್ಡ ಹಿಡಿದರು. ಅಪ್ಪಯ್ಯನೂ ಮಾತಾಡಲಿಲ್ಲ. ಬಸ್ಸು ಬಂತು, ಹೋಯಿತು.

ಈಗ ಅಪ್ಪಯ್ಯ ಕಡಲಿಗೆ ಹೋಗುವುದಿಲ್ಲ. ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ಹತ್ತಿರ ಹೋಗುವುದು, ಹೇಳಲಾಗದೆ ಒಳಗೆ ಬರುವುದು... ಕೊನೆಗೆ ಹೇಳಿಯೇಬಿಟ್ಟೆ.

“ಅಪ್ಪಯ್ಯ, ಟೀಚರ್ ಹೋದ್ರಂಬ್ರ್.”

ಯಾವಾಗ, ಏನಾಗಿತ್ತು, ಒಂದನ್ನೂ ಅವರು ಕೇಳಲಿಲ್ಲ. ಬಲೆ ಕೆಳಗಿಟ್ಟು ಎದ್ದರು. ಅಂಗಳಕ್ಕೆ ಇಳಿದು, ತೆಂಗಿನ ಮರದ ಕಡೆ ಮುಖ ತಿರುಗಿಸಿ ನಿಂತರು.