ಹೊಗೆ ಕಂಡರೆ ಕೂಗುವ ಬಸ್ಸು

ಆ ಬಸ್ಸಿನೊಳಗೆ ನಾನು ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿದ ದಿನವೇ ಅದು ಕೂಗಿತು. ಬಾಣಂತಿಯ ಕೂಸು ಕೂಡ ಹಾಗೆ ಕಿರುಚುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ರಸ್ತೆ ಅಗಲ ಮಾಡಲು ಅಳತೆಗೆ ಬಂದ ಎಂಜಿನಿಯರುಗಳು ಮನೆಯಂತೆ ಕಟ್ಟಿಸಿದ ಬಸ್ಸೊಂದನ್ನು ಕಮಲಾಪುರದ ಹೊರಗೆ ನಿಲ್ಲಿಸಿಕೊಂಡಿದ್ದರು. ಮಲಗಲು ಹಲಗೆ, ಹಿಂದೆ ಗ್ಯಾಸಿನ ಒಲೆ, ಒಲೆಯ ನೆತ್ತಿಯ ಮೇಲೆ ಬಿಳಿ ಡಬ್ಬಿ. ಹೊಗೆ ಕಂಡರೆ ಕೂಗುವುದು ಆ ಡಬ್ಬಿಯ ಕೆಲಸ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಕಲಬುರಗಿಯ ಖಾನಾವಳಿಯೊಂದರಲ್ಲಿ ಒಲೆ ಹಿಡಿದವನು. ನನ್ನ ಕೈಯ ಬಿಸಿ ರೊಟ್ಟಿಗೆ ಜನ ಸಾಲು ನಿಲ್ಲುತ್ತಿದ್ದರು. ಅದನ್ನು ಕೇಳಿಯೇ ಆ ಬಸ್ಸಿನ ಸಾಹೇಬರು ನನ್ನನ್ನು ಕರೆಸಿಕೊಂಡಿದ್ದು. ಪಾತ್ರೆ ತೊಳೆಯಲು ನನ್ನ ಷಡ್ಡಕನನ್ನು, ಹೆಂಡತಿಯ ತಂಗಿಯ ಗಂಡನನ್ನು, ನಾನೇ ಕರೆದುಕೊಂಡು ಹೋದೆ.

ರೊಟ್ಟಿಯ ಮೇಲಿನ ಒಣಹಿಟ್ಟು ಹಂಚಿಗೆ ಬಿದ್ದು ಸುಟ್ಟರೆ ಸಾಕು, ಡಬ್ಬಿ ಶುರುಮಾಡುತ್ತಿತ್ತು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರಂತೂ ಸಾಹೇಬರು ಕಾಗದ ಬಿಟ್ಟು ಹೊರಗೆ ಓಡಬೇಕು. ಕಿಟಕಿ ತೆಗೆದೆ, ಉರಿ ಇಳಿಸಿದೆ, ರೊಟ್ಟಿ ಚರ್ಮದಂತಾಯಿತು. ಹೊರಗೆ ಒಲೆ ಹೂಡೋಣವೆಂದರೆ ಸುತ್ತ ಒಣಗಿ ನಿಂತ ಜೋಳ, ಹೊಲದವರು ಬಿಡಲಿಲ್ಲ. ಕೊನೆಗೆ ಹಸಿ ಟವೆಲ್ಲಿನಿಂದ ಡಬ್ಬಿಯ ಬಾಯಿ ಕಟ್ಟಿದೆ. ಸಾಹೇಬರು ನೋಡಿ, ಇನ್ನೊಮ್ಮೆ ಹೀಗೆ ಮಾಡಿದರೆ ಮನೆಗೆ ಕಳಿಸುತ್ತೇನೆ ಎಂದರು.

ಆಗಲೇ ಷಡ್ಡಕ ಬ್ರಹ್ಮಪುರದ ತನ್ನ ಮನೆಯಿಂದ ಬಿಳಿ ಬಟ್ಟೆಯ ಗಂಟೊಂದನ್ನು ತಂದ. ಒಳಗೆ ಖಡಕ್ ರೊಟ್ಟಿ, ಜತೆಗೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೊಸರು. ಒಲೆ ಹಚ್ಚುವ ಮಾತೇ ಇಲ್ಲ, ಡಬ್ಬಿ ಸುಮ್ಮನಿತ್ತು. ಸಾಹೇಬರು ಹಪ್ಪಳದಂತೆ ಮುರಿದು ಮುರಿದು ತಿಂದರು. ವಾರಗಟ್ಟಲೆ ಇಟ್ಟ ರೊಟ್ಟಿಯನ್ನು ಇಷ್ಟು ಮೆಚ್ಚುವುದೇನಿದೆ ಎಂದು ನನ್ನ ಹೊಟ್ಟೆ ಉರಿಯಿತು. ಅವನು ಪಾತ್ರೆ ಬಿಟ್ಟು ಬಡಿಸಲು ನಿಂತ. ಒಂದು ಸಂಜೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ:

“ಅಣ್ಣಾರ, ಇವತ್ತ ಡಬ್ಬಿ ನಿಮ್ಮನ್ನ ಮಾತಾಡ್ಸಿಲ್ಲೇನ್ರಿ?”

ಬಸ್ಸು ತಿಂಗಳ ಕೊನೆಗೆ ಬೀದರದ ಕಡೆ ಹೊರಡುವುದಿತ್ತು. ಅಡುಗೆಗೆ ಒಬ್ಬನೇ ಸಾಕು, ಯಾರೆಂದು ಆಮೇಲೆ ಹೇಳುತ್ತೇನೆ ಎಂದಿದ್ದರು ಸಾಹೇಬರು. ಆ ಜಾಗ ನನಗೇ ಬೇಕಿತ್ತು. ನಾನು ಕರೆತಂದವನೇ ನನ್ನ ಒಲೆಯ ಮುಂದೆ ನಿಲ್ಲುವುದೇ?

ಒಂದು ದಿನ ಗಂಟಿನಿಂದ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದೆ, ಏನಾದರೂ ಐಬು ಸಿಗಲಿ ಎಂದು. ಅಂಚಿನಲ್ಲಿ ಉಗುರು ಎಳೆದಂಥ ಸಣ್ಣ ಗೀರು. ನನ್ನ ಹೆಂಡತಿ ಚಿಕ್ಕವಳಿದ್ದಾಗ ತೊಗರಿ ಕೊಯ್ಯುವಾಗ ಕುಡುಗೋಲು ಬಿದ್ದು ಅವಳ ಉಂಗುರದ ಬೆರಳು ಸೊಟ್ಟಗಾಗಿದೆ. ಅವಳು ಬಡಿದ ರೊಟ್ಟಿಗೆಲ್ಲ ಆ ಬೆರಳು ಹಾಗೆ ಗೀರು ಬಿಡುತ್ತದೆ. ಊರಲ್ಲಿ ಇನ್ನಾರ ರೊಟ್ಟಿಗೂ ಅದಿಲ್ಲ.

ಕುಸನೂರಿನ ನನ್ನ ಮನೆಗೆ ಹೋದವನೇ ಹೆಂಡತಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ತಂಗಿಗೆ ದಮ್ಮು, ಒಲೆಯ ಮುಂದೆ ಕೂತರೆ ಕೆಮ್ಮು ಹತ್ತುತ್ತದೆ, ಅದಕ್ಕೇ ನಾನು ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದ ಮೇಲೆ ತಂಗಿ ಇಲ್ಲಿಗೆ ಬಂದು ಇವಳ ಕೈಯಲ್ಲಿ ರೊಟ್ಟಿ ಮಾಡಿಸಿಕೊಂಡು ಹೋಗುತ್ತಾಳಂತೆ.

“ನನಗ್ಯಾಕ ಕೊಡಲಿಲ್ಲ?” ಎಂದೆ.

“ನೀವ್ ಕೇಳೀರೇನ್ರಿ? ಖಡಕ್ ರೊಟ್ಟಿ ನಾಯಿಗೆ ಹಾಕೋದು ಅಂತೀರಿ. ಆಕಿ ಬಾಯಿಬಿಟ್ಟು ಕೇಳಿದ್ಳು, ಬಡದು ಕೊಟ್ಟೆ.”

ಅಂದಿದ್ದು ಹೌದು. ಈಗಲೂ ಅನ್ನುತ್ತೇನೆ.

ತಿಂಗಳ ಕೊನೆಗೆ ಸಾಹೇಬರು ಇಬ್ಬರನ್ನೂ ಕರೆದರು. ಈ ರೊಟ್ಟಿ ಅಲ್ಲಿಗೂ ಬರುತ್ತದೆಯೇ ಎಂದು ಷಡ್ಡಕನನ್ನು ಕೇಳಿದರು. ವಾರಕ್ಕೊಮ್ಮೆ ಬೀದರದ ಸರ್ಕಾರಿ ಬಸ್ಸಿಗೆ ಹಾಕಿಸುತ್ತೇನೆ, ನಮ್ಮ ಮನೆಯ ರೊಟ್ಟಿ ಎಂದ ಅವನು, ನನ್ನ ಕಡೆ ನೋಡದೆ. ಅದು ನನ್ನ ಮನೆಯ ಹಂಚಿನದು ಎನ್ನಲು ಬಾಯಿ ತೆರೆದೆ. ಆದರೆ ಹೆಂಡತಿಯ ರೊಟ್ಟಿ ತೋರಿಸಿ ಒಲೆ ಬೇಡುವುದೇ? ನನ್ನ ಕೈಯಡುಗೆಗೆ ಸಿಗದ ಜಾಗ ನನಗೆ ಬೇಡವೆನಿಸಿತು. ಅವನು ಬೀದರಕ್ಕೆ ಹೋದ. ನಾನು ಖಾನಾವಳಿಗೆ ಮರಳಿದೆ.

ಖಾನಾವಳಿಯ ಪಾಳಿ ಮಧ್ಯಾಹ್ನದಿಂದ. ಹಾಗಾಗಿ ಮುಂದಿನ ವಾರ ಹೆಂಡತಿ ಬೀದರದ ರೊಟ್ಟಿ ಬಡಿಯಲು ಕೂತಾಗ ನಾನು ಮನೆಯಲ್ಲೇ ಇದ್ದೆ. ಅಡುಗೆಮನೆ ತುಂಬ ಹೊಗೆ. ಬಾಗಿಲಲ್ಲಿ ನಿಂತು, ಉಬ್ಬಿದ್ದೊಂದನ್ನು ಹಾಗೇ ಬಿಸಿಬಿಸಿ ಕೊಡು ಎಂದೆ.

“ತಡೀರಿ,” ಅಂದಳು, ತಲೆ ಎತ್ತದೆ. “ಇವು ಅವರಿಗಿ ಕಳಸೋವು. ನಿಮಗ ಆಮ್ಯಾಲ ಬಡೀತೀನಿ.”

ತಡೆದೆ. ಮೊದಲು ಅವನ ಗಂಟು ತುಂಬಿತು.