ಚಾವಿ ಬಾವಿಯಲ್ಲಿರಲಿಲ್ಲ

ಕಾರ್ತಿಕದ ಎರಡನೇ ಭಾನುವಾರ, ಬೆಳಿಗ್ಗೆ ಏಳೂ ಕಾಲು. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ನಾದಿನಿ ಕಾಶೀಬಾಯಿ. ಚೀಲದಲ್ಲಿ ನೀರಿನ ಬಾಟಲಿ, ಆರು ಜೋಳದ ರೊಟ್ಟಿ, ಪುಂಡಿಪಲ್ಯ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ದೊಡ್ಡ ಕಬ್ಬಿಣದ ಬೀಗ. ಅದರ ಚಾವಿ ನನ್ನ ಸೆರಗಿನ ಗಂಟಿನಲ್ಲಿತ್ತು. ಹಾಗೊಂದು ಚಾವಿ ಇದೆಯೆಂದು ಕಾಶಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಏಳೂವರೆಯ ಬಸ್ಸು ಎಂಟು ನಿಮಿಷ ತಡವಾಗಿ ಹೊರಟಿತು. ಬಸವಕಲ್ಯಾಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಹೆಂಗಸರಾದ್ದರಿಂದ ಇಬ್ಬರಿಗೂ ಶೂನ್ಯ ರೂಪಾಯಿಯ ಟಿಕೆಟ್. ಚಳಿ ಹಿತವಾಗಿತ್ತು. ರಾಜೇಶ್ವರದವರೆಗೂ ರಸ್ತೆಯ ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ನೋಡದ ಜ್ವರವನ್ನು ಚಾರ್ಟಿನಲ್ಲಿ ಎಂದೂ ಬರೆದವಳಲ್ಲ. ನಿವೃತ್ತಿಯ ಮೇಲೆ ಹಳೆಯ ಬೀಗ ಕೂಡಿಸತೊಡಗಿದೆ. ಬಸವಕಲ್ಯಾಣದಲ್ಲಿ ನಮ್ಮಂಥ ಹನ್ನೆರಡು ಜನರ ಬಳಗವಿದೆ, ತಿಂಗಳಿಗೊಮ್ಮೆ ಸೇರುತ್ತೇವೆ. ತಂದ ವಸ್ತುವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ಅದರ ಚರಿತ್ರೆ ಹೇಳಬೇಕು. ಕೇಳುವವರು ಚಪ್ಪಾಳೆ ತಟ್ಟಬೇಕು, ಮರುಪ್ರಶ್ನೆ ಹಾಕಬಾರದು. ಇದು ಬಳಗದ ಪದ್ಧತಿ.

ಏಳು ವರ್ಷದ ಹಿಂದೆ, ಎಲ್ಲರ ವಸ್ತುಗಳೂ ಅರಮನೆಯಿಂದಲೇ ಬಂದಿದ್ದ ಒಂದು ಸಭೆಯಲ್ಲಿ, ನನ್ನ ಬೀಗ ಕೋಟೆಯ ಬಾಗಿಲದ್ದು ಎಂದುಬಿಟ್ಟೆ. ಚಾವಿ ಎಲ್ಲಿ ಎಂಬ ಮಾತು ಬರುವ ಮೊದಲೇ ಅದು ಕೋಟೆಯ ಬಾವಿಗೆ ಬಿತ್ತು ಎಂದೆ. ಐದನೇ ವರ್ಷದ ಹೊತ್ತಿಗೆ ಒಬ್ಬ ಪಹರೆಯವನೂ ಬಾವಿಗೆ ಬಿದ್ದಿದ್ದ. ಈಗ ಶಾಲೆಯೊಂದರಲ್ಲಿ ನಮ್ಮ ವಸ್ತುಗಳನ್ನು ಕಪಾಟಿನಲ್ಲಿಟ್ಟು, ಒಂದೊಂದಕ್ಕೂ ಚೀಟಿ ಬರೆದು ಮಕ್ಕಳಿಗೆ ತೋರಿಸುವುದೆಂದು ನಿಶ್ಚಯವಾಗಿತ್ತು. ಚೀಟಿ ಬರೆಯುವ ಕೆಲಸ ನನ್ನದು; ಅವರವರು ಹೇಳಿದಂತೆ ಎಲ್ಲವನ್ನೂ ಬರೆದಾಗಿತ್ತು.

"ವೈನಿ, ಏಳು ವರ್ಷ ಚಾವಿನ ಸಾಸಿವಿ ಡಬ್ಬ್ಯಾಗ ಮುಚ್ಚಿಟ್ರಿ. ಇವತ್ತ ಯಾಕ ಹೊರಗ ತೆಗದ್ರಿ?" ಎಂದಳು ಕಾಶಿ.

"ಹುಡುಗರು ಓದತಾವ."

"ಸಿಸ್ಟರ್ ಹೇಳಿದ್ರ ಖರೇನ ಅಂತಾರ ಅಲ್ಲಿ ಎಲ್ಲಾರೂ. ಆ ಹೆಸರು ಹೋಗ್ತದಲ್ರಿ."

"ಹೋದ್ರ ಹೋಗಲಿ. ನೋಡದ ಜ್ವರ ಬರದೀನಿ ಕಾಶಿ. ಹೊಡದು ಹಾಕಬೇಕು."

ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟ ಬಸ್ಸು ಎಂಟೂವರೆ ದಾಟಿದ ಮೇಲೆ ಊರು ಮುಟ್ಟಿತು. ನಿಲ್ದಾಣದ ಎದುರು ಚಹಾ, ಬಿಸಿ ಮಿರ್ಚಿ ಭಜಿ. ನನ್ನ ಪಾಲಿನ ಭಜಿಯನ್ನೂ ಕಾಶಿಯೇ ತಿಂದಳು.

ಹತ್ತಕ್ಕೆ ಶಾಲೆಯಲ್ಲಿ ಸಭೆ. ಮೊದಲು ಎದ್ದವಳು ನಾನೇ. ಬೀಗದ ಮೇಲೆ ಕೈಯಿಟ್ಟು ಹೇಳಿದೆ: "ಇದು ಕೋಟೆದಲ್ಲ. ಹುಮನಾಬಾದಿನ ಗುಜರಿ ಅಂಗಡ್ಯಾಗ ತಗೊಂಡದ್ದು. ಇಷ್ಟು ವರ್ಷ ನಾ ಸುಳ್ಳು ಹೇಳೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿತ್ತಾಳೆ ಪಾತ್ರೆ ಕೂಡಿಸುವ ವೀರಪ್ಪನವರು ಪದ್ಧತಿ ಮುರಿದು ಕೇಳಿದರು: "ಹಂಗಾದ್ರ ಬಾವ್ಯಾಗ ಬಿದ್ದ ಪಹರೇದಾರ ಏನಾದ್ರಿ ಸಿಸ್ಟರ್?"

"ಅವ ಹುಟ್ಟೇ ಇಲ್ರಿ."

"ಅಂದ್ರ ಇದು ಬರೇ ಗುಜರಿ, ಮೋಡಕಾ ಮಾಲು," ಎಂದು ಅವರು ಬೀಗವನ್ನು ಎರಡೇ ಬೆರಳಿನಿಂದ ಮೇಜಿನ ಅಂಚಿಗೆ ಸರಿಸಿದರು.

ನಾನು ಸೆರಗಿನ ಗಂಟು ಬಿಚ್ಚಿದೆ. "ಮೋಡಕಾ ಹೌದ್ರಿ. ಆದ್ರ ತಗೊಂಡಾಗನ ಬಜಾರದ ಬೀಗ ರಿಪೇರಿಯವನ ಮುಂದ ಮೂರು ದಿನ ಕುಂತು ಚಾವಿ ಮಾಡಿಸೀನಿ. ಎರಡು ಮುರದ್ವು. ಇದು ಮೂರನೇದು."

ಚಾವಿ ಹಾಕಿ ಒಂದು ಸುತ್ತು ತಿರುವಿದೆ. ಏನೂ ಆಗಲಿಲ್ಲ. ವೀರಪ್ಪನವರು ಮೀಸೆಯಲ್ಲೇ ನಕ್ಕರು. ಕೊಂಡಿಯನ್ನು ತುಸು ಎತ್ತಿ ಹಿಡಿದು ಎರಡನೇ ಸುತ್ತು ತಿರುವಿದೆ. ಖಟ್ ಎಂದು ಬೀಗ ಬಾಯಿ ಬಿಟ್ಟಿತು. ಏಳು ವರ್ಷ ಅದನ್ನು ನೋಡಿದವರಲ್ಲಿ ಒಬ್ಬರೂ ಅದು ತೆರೆದದ್ದನ್ನು ನೋಡಿರಲಿಲ್ಲ. ಹಿಂದಿನ ಬೆಂಚಿನವರು ಎದ್ದು ಬಂದರು. "ಇನ್ನೊಮ್ಮಿ ತೆಗೀರಿ" ಎಂದರು. ಆರು ಸಲ ತೆಗೆದು ಹಾಕಿದೆ. ಏಳನೆಯ ಸಲ ವೀರಪ್ಪನವರೇ ಚಾವಿಗೆ ಕೈ ಚಾಚಿದರು.

ಕಂದೀಲು ಕೂಡಿಸುವ ದರ್ಜಿ ಮಸ್ತಾನ್ ಸಾಬರು ಆಗ ತಮ್ಮ ಚೀಟಿಯನ್ನು ಹರಿದು ಹಾಕಿದರು. "ಸಿಸ್ಟರಮ್ಮಾ, ನಂದೂ ಹೊಸಾದು ಬರೀರಿ. ಸುಬೇದಾರನ ಕಂದೀಲ ಅಲ್ಲ. ನಮ್ಮ ಅಮ್ಮೀಜಾನ್ ನಸುಕಿನ್ಯಾಗ ಎಮ್ಮಿ ಹಿಂಡಾಕ ಒಯ್ತಿದ್ದ ಕಂದೀಲ."

"ಎಮ್ಮಿ ಹೆಸರೂ ಬರಸ್ರಿ," ಎಂದಳು ಕಾಶಿ.

"ಮೋತಿ," ಎಂದರು ಸಾಬರು, ತಡವಿಲ್ಲದೆ. ಅದನ್ನೂ ಬರೆದೆ.

ಊಟದ ಹೊತ್ತಿಗೆ ಒಂಬತ್ತು ಚೀಟಿ ಬದಲಾಗಿದ್ದವು. ನಾಲ್ಕರಲ್ಲಿ 'ಎಲ್ಲಿಯದೋ ಗೊತ್ತಿಲ್ಲ' ಎಂದೇ ಇತ್ತು. ವೀರಪ್ಪನವರು ನಮ್ಮ ರೊಟ್ಟಿಯಲ್ಲಿ ಎರಡು ತಿಂದು, ಕೈ ತೊಳೆದು ಬಂದು ಮೆಲ್ಲಗೆ ಹೇಳಿದರು: "ರಾಣಿ ನೀರು ಕುಡದ ತಂಬಗಿ ಅಂತ ಹೇಳ್ತಿದ್ನಲ್ರಿ, ಅದಕ್ಕೂ ಒಂದು ಖಾಲಿ ಚೀಟಿ ಕೊಡ್ರಿ." ಹತ್ತಾದವು.

ಮೂರೂವರೆಗೆ ವಸ್ತುಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿ ಮುಗಿಯಿತು. ಆಗ ಮುಖ್ಯೋಪಾಧ್ಯಾಯಿನಿ ಚಿಲಕ ಹಿಡಿದು ನಿಂತರು. ಕಪಾಟಿಗೆ ಬೀಗವೇ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ಬೀಗವೊಂದೇ ಒಳಗಲ್ಲ, ಬಾಗಿಲ ಮೇಲೆ ಉಳಿಯಿತು. ಅದರ ಹೊಸ ಚೀಟಿಯನ್ನು ದಾರದಿಂದ ಕೊಂಡಿಗೆ ಕಟ್ಟಿದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಚಾವಿಯನ್ನು ಮುಖ್ಯೋಪಾಧ್ಯಾಯಿನಿಯವರ ಕೈಗೆ ಕೊಟ್ಟು ಸಹಿ ಪಡೆದೆ.